ಬಾರದೆ ಉಳಿದವರ ಲೆಕ್ಕ

(ಮಹಿಳಾ ವೇದಿಕೆಯ ಆರೋಗ್ಯ ಮಾಲಿಕೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಕಣ್ಣಿನ ಆರೋಗ್ಯದ ಬಗ್ಗೆ ಮಾತಾಡಬೇಕೆಂದು ಕೇಳಿದಾಗ, ನೀವು ಬಹುಶಃ ಕ್ಯಾರೆಟ್, ನುಗ್ಗೆಸೊಪ್ಪು, ಮೊಬೈಲ್ ಪರದೆ ಇವುಗಳ ಬಗ್ಗೆ ನಾಲ್ಕು ಮಾತು ನಿರೀಕ್ಷಿಸಿದ್ದಿರಬಹುದು. ಅದನ್ನು ಹೇಳುವವರು ಬಹಳ ಜನ ಇದ್ದಾರೆ. ನಾನು ಬೇರೆಯದೇ ವಿಷಯ ತಂದಿದ್ದೇನೆ. ನಮ್ಮಂಥ ಕನ್ನಡ ಸಂಘಗಳು ಹಬ್ಬಕ್ಕೆ, ವಾರ್ಷಿಕೋತ್ಸವಕ್ಕೆ ಹಣ ಕೂಡಿಸಿ ಊರಿನ ಕಣ್ಣಿನ ಕೆಲಸಕ್ಕೆ ಕೊಡುವುದು ರೂಢಿ. ವರ್ಷದ ಕೊನೆಗೆ ಒಂದು ವರದಿ ಬರುತ್ತದೆ. ಇಷ್ಟು ಶಿಬಿರ, ಇಷ್ಟು ತಪಾಸಣೆ, ಇಷ್ಟು ಪೊರೆ ಶಸ್ತ್ರಚಿಕಿತ್ಸೆ. ನಾವು ಚಪ್ಪಾಳೆ ತಟ್ಟಿ ಮುಂದಿನ ವರ್ಷದ ಚೆಕ್ ಬರೆಯುತ್ತೇವೆ. ಆ ವರದಿಯನ್ನು ಓದುವುದು ಹೇಗೆ, ಅದರಲ್ಲಿ ಇಲ್ಲದ್ದನ್ನು ಕೇಳುವುದು ಹೇಗೆ ಎಂಬುದೇ ಇವತ್ತಿನ ನನ್ನ ಮಾತು.

ಉದಾಹರಣೆಗೆ ನಮ್ಮ ನೆರೆಯ ಆಂಧ್ರದ ವಿಶಾಖಪಟ್ಟಣ ಮತ್ತು ವಿಜಯವಾಡಗಳನ್ನು ಆರಿಸಿಕೊಂಡಿದ್ದೇನೆ. ‘ಎಲ್ಲರನ್ನೂ ಒಳಗೊಂಡ ಕಣ್ಣಿನ ಆರೋಗ್ಯ ಯೋಜನೆ’ ಅಂದರೆ ಬಡವರು, ಮಹಿಳೆಯರು, ಅಂಗವಿಕಲರು, ಗುಡ್ಡಗಾಡಿನವರು ಯಾರನ್ನೂ ಬಿಡದ ಯೋಜನೆಯೊಂದು ಈ ಎರಡು ಊರುಗಳ ಸುತ್ತ ನಡೆದರೆ, ಅದರ ಮೌಲ್ಯಮಾಪನ ಹೇಗಿರಬೇಕು? ಯಾವ ಸಂಸ್ಥೆಗೂ ಅಂಕ ಕೊಡುವುದು ನನ್ನ ಉದ್ದೇಶವಲ್ಲ. ಅಳೆಯುವ ಬಗೆಯನ್ನು ಅರ್ಥಮಾಡಿಕೊಳ್ಳಲು ಈ ಎರಡು ಊರುಗಳು ಬಹಳ ಅನುಕೂಲ, ಅಷ್ಟೇ.

ಈ ಎರಡು ಊರುಗಳೇ ಏಕೆ?

ಡಾ. ಗುಲ್ಲಪಲ್ಲಿ ನಾಗೇಶ್ವರ ರಾವ್ ಅವರು ಹೈದರಾಬಾದಿನಲ್ಲಿ ಕಟ್ಟಿದ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯ ಹೆಸರು ನೀವೆಲ್ಲ ಕೇಳಿದ್ದೀರಿ. ಆ ಸಂಸ್ಥೆಯ ದೊಡ್ಡ ಶಾಖೆಗಳು 2008ರಲ್ಲಿ ವಿಶಾಖಪಟ್ಟಣದಲ್ಲೂ 2011ರಲ್ಲಿ ವಿಜಯವಾಡದ ಪಕ್ಕದ ತಾಡಿಗಡಪದಲ್ಲೂ ಆರಂಭವಾದವು. ಅವರ ವ್ಯವಸ್ಥೆ ಒಂದು ಗೋಪುರದ ಹಾಗೆ. ತಳದಲ್ಲಿ ಹಳ್ಳಿಯ ಸ್ವಯಂಸೇವಕರು. ಅದರ ಮೇಲೆ ಸುಮಾರು 50,000 ಜನಕ್ಕೆ ಒಂದರಂತೆ ದೃಷ್ಟಿ ಕೇಂದ್ರ. ಅಲ್ಲಿ ಡಾಕ್ಟರ್ ಇರುವುದಿಲ್ಲ. ಒಂದು ವರ್ಷ ತರಬೇತಿ ಪಡೆದ ಅದೇ ಸೀಮೆಯ ಹುಡುಗ ಹುಡುಗಿಯರು ದೃಷ್ಟಿ ಪರೀಕ್ಷೆ ಮಾಡಿ ಕನ್ನಡಕ ಕೊಡುತ್ತಾರೆ, ಅಗತ್ಯವಿದ್ದವರನ್ನು ಮೇಲೆ ಕಳಿಸುತ್ತಾರೆ. ಅದರ ಮೇಲೆ ಸುಮಾರು 5 ಲಕ್ಷ ಜನಕ್ಕೆ ಒಂದು ಶಸ್ತ್ರಚಿಕಿತ್ಸೆಯ ಆಸ್ಪತ್ರೆ. ಅದಕ್ಕೂ ಮೇಲೆ ಸುಮಾರು 50 ಲಕ್ಷ ಜನಕ್ಕೆ ಒಂದು ದೊಡ್ಡ ಆಸ್ಪತ್ರೆ. ವಿಶಾಖಪಟ್ಟಣ, ವಿಜಯವಾಡದ್ದು ಈ ಹಂತ. ಗೋಪುರದ ಕಳಸ ಹೈದರಾಬಾದಿನಲ್ಲಿದೆ.

ಇಂಥ ವ್ಯವಸ್ಥೆ ಕಣ್ಣೆದುರೇ ಇರುವ ಊರಿನಲ್ಲೂ ಕೆಲವರು ಚಿಕಿತ್ಸೆಯಿಲ್ಲದೆ ಉಳಿದಿದ್ದರೆ, ಅದಕ್ಕೆ ಕಾರಣ ‘ಆಸ್ಪತ್ರೆ ಇಲ್ಲ’ ಎಂಬುದಾಗಲಾರದು. ಬೇರೆ ಏನೋ ಇರಬೇಕು. ಮೌಲ್ಯಮಾಪನದ ಕೆಲಸ ಆ ‘ಬೇರೆ ಏನೋ’ ಯಾವುದೆಂದು ಹುಡುಕುವುದು.

ಬಂದವರ ಲೆಕ್ಕ, ಬಾರದವರ ಲೆಕ್ಕ

ಕನ್ನಡಿಗರಾದ ನಮಗೆ ಕಣ್ಣಿನ ಡಾಕ್ಟರ್ ಅಂದರೆ ಮೊದಲು ನೆನಪಾಗುವುದು ಬೀಳಗಿಯ ಡಾ. ಎಂ.ಸಿ. ಮೋದಿ. 1943ರಿಂದ ಊರೂರು ಅಲೆದು ಶಿಬಿರ ನಡೆಸಿದರು. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ್ದು, 1993ರ ಹೊತ್ತಿಗೆ 6 ಲಕ್ಷಕ್ಕೂ ಮೀರಿದ ಶಸ್ತ್ರಚಿಕಿತ್ಸೆಗಳನ್ನು ಮಾಡಿದ್ದು ಗಿನ್ನೆಸ್ ದಾಖಲೆಗೆ ಸೇರಿದೆ. ಡಾಕ್ಟರರೇ ಇಲ್ಲದ ಕಾಲದಲ್ಲಿ ಅದು ದೇವರಂಥ ಕೆಲಸ. ನಮ್ಮ ಅಜ್ಜಿಯರ ಕಾಲದವರು ಅವರ ಹೆಸರು ಹೇಳಿ ಕೈಮುಗಿಯುತ್ತಿದ್ದರು.

ಆದರೆ ಆ ಕಾಲದ ಕ್ರಮದಲ್ಲಿ ಪೊರೆ ತೆಗೆದ ಮೇಲೆ ಕಣ್ಣಿನೊಳಗೆ ಮಸೂರ ಇಡುವುದಿರಲಿಲ್ಲ. ಸೀಸೆಯ ತಳದಂಥ ದಪ್ಪ ಕನ್ನಡಕವೇ ಗತಿ. ಆ ಕನ್ನಡಕ ಒಡೆದರೆ ಶಸ್ತ್ರಚಿಕಿತ್ಸೆ ಆದವರೂ ಮತ್ತೆ ತಡಕಾಡಬೇಕು. ದಾಖಲೆಯಲ್ಲಿ ಮಾತ್ರ ಅವರು ‘ಯಶಸ್ವಿ’. ವಿಶ್ವಬ್ಯಾಂಕ್ ನೆರವಿನಿಂದ 1994ರಿಂದ 2002ರವರೆಗೆ ಆಂಧ್ರವೂ ಸೇರಿ ಏಳು ರಾಜ್ಯಗಳಲ್ಲಿ ನಡೆದ ಪೊರೆ ನಿಯಂತ್ರಣ ಯೋಜನೆಯ ನಂತರ ಶಿಬಿರದ ಡೇರೆಯಿಂದ ಆಸ್ಪತ್ರೆಗೆ, ದಪ್ಪ ಕನ್ನಡಕದಿಂದ ಕಣ್ಣೊಳಗಿನ ಮಸೂರಕ್ಕೆ ದೇಶ ದಾಟಿಕೊಂಡಿತು. ಸಂಖ್ಯೆಯೊಂದೇ ಸಾಲದು, ನಂತರ ಕಂಡಿತೇ ಎಂದೂ ಕೇಳಬೇಕು ಎಂಬ ಪಾಠ ಅಲ್ಲಿದೆ.

ಬಾರದವರ ಲೆಕ್ಕ ಸಿಗುವುದು ಎಲ್ಲಿ? ಆಸ್ಪತ್ರೆಯ ಪುಸ್ತಕದಲ್ಲಿ ಅದು ಸಿಗುವುದಿಲ್ಲ, ಮನೆ ಮನೆಗೆ ಹೋಗಬೇಕು. 1996ರಿಂದ 2000ದವರೆಗೆ ಇದೇ ಎಲ್.ವಿ. ಪ್ರಸಾದ್ ಸಂಸ್ಥೆ ಹೈದರಾಬಾದ್, ಪಶ್ಚಿಮ ಗೋದಾವರಿ, ಆದಿಲಾಬಾದ್, ಮಹಬೂಬನಗರಗಳಲ್ಲಿ ಒಂದು ದೊಡ್ಡ ಸಮೀಕ್ಷೆ ನಡೆಸಿತು. 10,293 ಜನರ ಕಣ್ಣು ಪರೀಕ್ಷೆ ಮಾಡಿದರು. ಆ ರಾಜ್ಯದಲ್ಲಿ ನೂರಕ್ಕೆ 1.84 ಜನ ಅಂಧರು ಎಂದು ತಿಳಿಯಿತು. ಆ ಅಂಧತ್ವದಲ್ಲಿ 60.3 ಪ್ರತಿಶತ ಪೊರೆ ಮತ್ತು ಕನ್ನಡಕದ ಕೊರತೆಯಿಂದ ಬಂದದ್ದು. ಅಂದರೆ ಸುಲಭವಾಗಿ ಸರಿಪಡಿಸಬಹುದಾದದ್ದು. ಯಾರು ಹೆಚ್ಚು ಅಂಧರಾಗಿದ್ದರು? ವಯಸ್ಸಾದವರು, ಬಡವರು, ಹಳ್ಳಿಯವರು, ಮತ್ತು ಹೆಂಗಸರು. ಈ ನಾಲ್ಕೂ ಒಬ್ಬರಲ್ಲೇ ಸೇರಿದರೆ ಯಾರು? ಹಳ್ಳಿಯ ಬಡ ಅಜ್ಜಿ. ಯೋಜನೆ ‘ಎಲ್ಲರನ್ನೂ ಒಳಗೊಂಡಿದೆಯೇ’ ಎಂದು ಪರೀಕ್ಷಿಸಲು ಆ ಅಜ್ಜಿಯ ಮನೆ ಬಾಗಿಲಿಗಿಂತ ಒಳ್ಳೆಯ ಜಾಗ ಇಲ್ಲ.

ಅರ್ಧ ಅರ್ಧ ಎಂದರೆ ಸಮಾನವೇ?

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಇದು ಊಹೆಯ ಹಳ್ಳಿ, ನಿಜವಾದ ಅಂಕಿಯಲ್ಲ. ಪೊರೆಯಿಂದ ಕಣ್ಣು ಮಂಜಾದವರು ನೂರು ಜನ. ಅದರಲ್ಲಿ ಹೆಂಗಸರು 60, ಗಂಡಸರು 40. ಹೆಂಗಸರ ಆಯುಸ್ಸು ಹೆಚ್ಚು, ವಯಸ್ಸಾದಂತೆ ಪೊರೆಯೂ ಹೆಚ್ಚು, ಹಾಗಾಗಿ ಇಂಥ ಅನುಪಾತ ಸಹಜ. ಯೋಜನೆಯವರು 30 ಹೆಂಗಸರಿಗೆ, 30 ಗಂಡಸರಿಗೆ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ‘ನಮ್ಮ ಫಲಾನುಭವಿಗಳಲ್ಲಿ ಅರ್ಧ ಮಹಿಳೆಯರು’ ಎಂದು ವರದಿ ಬರುತ್ತದೆ. ನಾವು ಸಂತೋಷಪಡುತ್ತೇವೆ.

ಆದರೆ ನೋಡಿ, 40 ಗಂಡಸರಲ್ಲಿ 30 ಜನಕ್ಕೆ ಆಯಿತು. ಅಂದರೆ ನೂರಕ್ಕೆ 75. ಹೆಂಗಸರಲ್ಲಿ 60ಕ್ಕೆ 30. ಅಂದರೆ ನೂರಕ್ಕೆ 50. ಉಳಿದ 40 ಜನರಲ್ಲಿ 30 ಹೆಂಗಸರೇ. ಬಂದವರನ್ನು ಮಾತ್ರ ಎಣಿಸಿದರೆ ಸಮಾನತೆ, ಬಾರದವರನ್ನು ಎಣಿಸಿದರೆ ಅಸಮಾನತೆ. ಭಾಗಿಸುವ ಸಂಖ್ಯೆ ಯಾವುದು ಎಂದು ಕೇಳುವುದನ್ನು ನಾವು ಕಲಿತರೆ ಅರ್ಧ ಮೌಲ್ಯಮಾಪನ ಅಲ್ಲೇ ಆಗುತ್ತದೆ.

ಹೆಂಗಸರು ಏಕೆ ಬರುವುದಿಲ್ಲ? ನಮ್ಮ ಮನೆಗಳಲ್ಲೇ ಉತ್ತರ ಇದೆ. ‘ನನಗೆ ಇನ್ನೆಷ್ಟು ದಿನ, ಈ ವಯಸ್ಸಿಗೆ ಇಷ್ಟು ಕಂಡರೆ ಸಾಕು.’ ‘ಮಗ ರಜೆ ಹಾಕಬೇಕು.’ ‘ಸೊಸೆ ಕೂಲಿಗೆ ಹೋದರೆ ಮೊಮ್ಮಗನನ್ನು ನೋಡುವವರು ಯಾರು?’ ಶಸ್ತ್ರಚಿಕಿತ್ಸೆ ಉಚಿತ ಇರಬಹುದು, ಜೊತೆಗೆ ಬರುವವರ ಕೂಲಿ ಉಚಿತ ಅಲ್ಲ, ಬಸ್ ಚಾರ್ಜ್ ಉಚಿತ ಅಲ್ಲ. ಮನೆಯಲ್ಲಿ ದುಡ್ಡಿನ ನಿರ್ಧಾರ ಯಾರದೋ, ಕಣ್ಣಿನ ನಿರ್ಧಾರವೂ ಅವರದೇ. ಆದ್ದರಿಂದ ಮೌಲ್ಯಮಾಪಕರು ಮನೆಯ ಯಜಮಾನನನ್ನು ಮಾತ್ರ ಮಾತಾಡಿಸಿ ಬಂದರೆ ಪ್ರಯೋಜನವಿಲ್ಲ. ಅಜ್ಜಿಯನ್ನು ಪ್ರತ್ಯೇಕವಾಗಿ, ಮಹಿಳಾ ಸಂದರ್ಶಕಿ, ಅಜ್ಜಿಗೆ ಬಿಡುವಿನ ವೇಳೆಯಲ್ಲಿ ಮಾತಾಡಿಸಬೇಕು.

ಅಂಗವಿಕಲರು ಆಸ್ಪತ್ರೆಯ ಒಳಗೆ ಬರಬಲ್ಲರೇ?

‘ಒಳಗೊಳ್ಳುವ’ ಎಂಬ ಮಾತಿನ ಇನ್ನೊಂದು ಅರ್ಥ ಅಂಗವಿಕಲರದು. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲಿ ಒಪ್ಪಿತು. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಕಣ್ಣಿನ ಆಸ್ಪತ್ರೆಗೆ ಬರುವವರಲ್ಲಿ ನಡೆಯಲಾಗದವರು, ಕಿವಿ ಕೇಳದವರು, ಬುದ್ಧಿಯ ಬೆಳವಣಿಗೆ ನಿಧಾನವಾದವರು ಎಷ್ಟು ಜನ ಎಂದು ತಿಳಿಯುವುದು ಹೇಗೆ?

ಇದಕ್ಕೆ ವಾಷಿಂಗ್ಟನ್ ಗುಂಪಿನ ಆರು ಪ್ರಶ್ನೆಗಳು ಎಂಬ ಸರಳ ಸಾಧನ ಇದೆ. ನೋಡಲು, ಕೇಳಿಸಿಕೊಳ್ಳಲು, ನಡೆಯಲು ಅಥವಾ ಮೆಟ್ಟಿಲು ಹತ್ತಲು, ನೆನಪಿಟ್ಟುಕೊಳ್ಳಲು, ಸ್ನಾನ ಮಾಡಿ ಬಟ್ಟೆ ತೊಡಲು, ಹೇಳಿದ್ದು ಇನ್ನೊಬ್ಬರಿಗೆ ಅರ್ಥವಾಗುವಂತೆ ಮಾತಾಡಲು ನಿಮಗೆ ಕಷ್ಟ ಇದೆಯೇ? ಉತ್ತರ ನಾಲ್ಕು ಬಗೆ: ಕಷ್ಟ ಇಲ್ಲ, ಸ್ವಲ್ಪ ಕಷ್ಟ, ಬಹಳ ಕಷ್ಟ, ಆಗುವುದೇ ಇಲ್ಲ. ‘ನೀವು ಅಂಗವಿಕಲರೇ?’ ಎಂದು ಕೇಳಿದರೆ ಬಹಳ ಜನ, ಅದರಲ್ಲೂ ಹೆಂಗಸರು, ಇಲ್ಲ ಎನ್ನುತ್ತಾರೆ. ‘ಮೆಟ್ಟಿಲು ಹತ್ತಲು ಕಷ್ಟವೇ?’ ಎಂದರೆ ನಿಜ ಹೇಳುತ್ತಾರೆ.

ಇದರಲ್ಲೂ ಒಂದು ಎಚ್ಚರ ಬೇಕು. ಕಣ್ಣಿನ ಆಸ್ಪತ್ರೆಗೆ ಬರುವವರಲ್ಲಿ ಬಹುಪಾಲು ಜನಕ್ಕೆ ನೋಡಲು ಕಷ್ಟ ಇದ್ದೇ ಇರುತ್ತದೆ. ಅವರನ್ನೆಲ್ಲ ಸೇರಿಸಿ ‘ನಮ್ಮ ರೋಗಿಗಳಲ್ಲಿ ಇಷ್ಟು ಅಂಗವಿಕಲರು’ ಎಂದು ಬರೆದರೆ ಅಂಕಿ ಚೆನ್ನಾಗಿ ಕಾಣುತ್ತದೆ, ವಿಷಯ ಏನೂ ತಿಳಿಯುವುದಿಲ್ಲ. ನೋಡುವ ಪ್ರಶ್ನೆಯನ್ನು ಬೇರೆ ಇಟ್ಟು ಉಳಿದ ಐದನ್ನು ನೋಡಬೇಕು.

ಆಮೇಲೆ ಕಟ್ಟಡ. ಇಳಿಜಾರು ಹಾದಿ ಇದೆ ಎಂದು ಟಿಕ್ ಹಾಕಿದರೆ ಸಾಲದು. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕೆಂಬುದು ನಿಯಮ. ಅದಕ್ಕಿಂತ ಕಡಿದಾದರೆ ಗಾಲಿಕುರ್ಚಿಯವರಿಗೆ ಅದು ಜಾರುಬಂಡೆ. ಶೌಚಾಲಯದ ಬಾಗಿಲು ಎಷ್ಟು ಅಗಲ? ಕಿವಿ ಕೇಳದವರನ್ನು ಹೆಸರು ಕೂಗಿ ಕರೆದರೆ ಅವರಿಗೆ ಸರದಿ ತಿಳಿಯುವುದು ಹೇಗೆ? ಅಕ್ಷರ ಓದಲು ಬಾರದ ಮಗುವಿನ ದೃಷ್ಟಿ ಪರೀಕ್ಷೆಗೆ ಚಿತ್ರದ ಫಲಕ ಇದೆಯೇ? ಇದನ್ನು ಪರೀಕ್ಷಿಸುವ ತಂಡದಲ್ಲಿ ಗಾಲಿಕುರ್ಚಿ ಬಳಸುವವರೊಬ್ಬರು, ಕಣ್ಣು ಕಾಣದವರೊಬ್ಬರು ಇದ್ದರೆ ಅರ್ಧ ದಿನದಲ್ಲಿ ಎಲ್ಲವೂ ಗೊತ್ತಾಗುತ್ತದೆ.

ಚಿಕಿತ್ಸೆಯಿಂದ ದೃಷ್ಟಿ ಮರಳದವರೂ ಇದ್ದಾರೆ. ಅವರನ್ನು ‘ಇನ್ನೇನೂ ಮಾಡಲಾಗದು’ ಎಂದು ಮನೆಗೆ ಕಳಿಸಿದರೋ, ಬಿಳಿಕೋಲಿನ ತರಬೇತಿ, ಪ್ರಮಾಣಪತ್ರ, ಶಾಲೆ, ಕೆಲಸದ ದಾರಿ ತೋರಿಸಿದರೋ? ಶಸ್ತ್ರಚಿಕಿತ್ಸೆಯ ಅಂಕಿಯಲ್ಲಿ ಇವರು ಎಲ್ಲೂ ಕಾಣುವುದಿಲ್ಲ.

ಜಿಲ್ಲೆಯೇ ಬದಲಾದಾಗ, ಅಳತೆಗೋಲೇ ಬದಲಾದಾಗ

ಮೌಲ್ಯಮಾಪನ ಅಂದರೆ ಮೊದಲಿನ ಸ್ಥಿತಿಯನ್ನು ಈಗಿನದರೊಂದಿಗೆ ಹೋಲಿಸುವುದು. ಸುಲಭ ಎನಿಸುತ್ತದೆ, ಆದರೆ ಆಂಧ್ರದಲ್ಲಿ ಏನಾಯಿತು ನೋಡಿ. 2022ರ ಏಪ್ರಿಲ್ 4ರಂದು 13 ಜಿಲ್ಲೆಗಳು 26 ಆದವು. ಹಳೆಯ ವಿಶಾಖಪಟ್ಟಣ ಜಿಲ್ಲೆಯಿಂದ ಪಾಡೇರು, ಅರಕು ಮೊದಲಾದ ಗುಡ್ಡಗಾಡು ಪ್ರದೇಶ ಅಲ್ಲೂರಿ ಸೀತಾರಾಮರಾಜು ಜಿಲ್ಲೆಗೆ ಹೋಯಿತು. ಅನಕಾಪಲ್ಲಿ ಬೇರೆಯಾಯಿತು. ವಿಜಯವಾಡ ನಗರ ಕೃಷ್ಣಾ ಜಿಲ್ಲೆಯಿಂದ ಎನ್‌ಟಿಆರ್ ಜಿಲ್ಲೆಗೆ ಬಂತು. ಈಗ 2018ರ ‘ವಿಶಾಖಪಟ್ಟಣ ಜಿಲ್ಲೆ’ಯನ್ನು 2023ರ ‘ವಿಶಾಖಪಟ್ಟಣ ಜಿಲ್ಲೆ’ಗೆ ಹೋಲಿಸಿದರೆ, ಏನೂ ಮಾಡದಿದ್ದರೂ ಪರಿಸ್ಥಿತಿ ಸುಧಾರಿಸಿದಂತೆ ಕಾಣಬಹುದು. ಏಕೆಂದರೆ ತಲುಪಲು ಅತಿ ಕಷ್ಟವಾದ ಜನ ಲೆಕ್ಕದಿಂದಲೇ ಹೊರಗೆ ಹೋಗಿದ್ದಾರೆ! ಆದ್ದರಿಂದ ಮಂಡಲ ಮಂಡಲವಾಗಿ, ಹಳ್ಳಿ ಹಳ್ಳಿಯಾಗಿ ಹೋಲಿಸಬೇಕು.

ಅಳತೆಗೋಲೂ ಬದಲಾಗಿದೆ. ನಮ್ಮ ದೇಶದ ರಾಷ್ಟ್ರೀಯ ಕಾರ್ಯಕ್ರಮ 2017ರವರೆಗೆ 6/60ಕ್ಕಿಂತ ಕಡಿಮೆ ದೃಷ್ಟಿಯನ್ನು ಅಂಧತ್ವ ಎನ್ನುತ್ತಿತ್ತು. ನಂತರ ವಿಶ್ವ ಆರೋಗ್ಯ ಸಂಸ್ಥೆಯಂತೆ 3/60 ಎಂದಾಯಿತು. ಸರಳವಾಗಿ ಹೇಳುವುದಾದರೆ, ಮೊದಲು ಆರು ಮೀಟರ್ ದೂರದಿಂದ ದೊಡ್ಡ ಅಕ್ಷರ ಕಾಣದಿದ್ದರೆ ಅಂಧರು. ಈಗ ಮೂರು ಮೀಟರಿನಿಂದಲೂ ಕಾಣದಿದ್ದರೆ ಮಾತ್ರ ಅಂಧರು. 2015ರಿಂದ 2019ರ ರಾಷ್ಟ್ರೀಯ ಸಮೀಕ್ಷೆ ಹೊಸ ಅಳತೆಯಲ್ಲಿ 0.36 ಪ್ರತಿಶತ ಎಂದು ಹೇಳಿತು. ಆಂಧ್ರದ ಹಳೆಯ 1.84ರ ಪಕ್ಕ ಇದನ್ನಿಟ್ಟು ‘ಐದರಲ್ಲಿ ಒಂದಕ್ಕೆ ಇಳಿಯಿತು’ ಎಂದು ಯಾರಾದರೂ ಭಾಷಣ ಮಾಡಿದರೆ ನಂಬಬೇಡಿ. ಜಾಗವೂ ಬೇರೆ, ಗೋಲೂ ಬೇರೆ.

ಅರಕು ಕಣಿವೆಯ ಮಾತು ಬಂತಲ್ಲ. ಅಲ್ಲಿ ಬಗತ, ಕೊಂಡದೊರ, ಪೋರ್ಜ, ಖೊಂಡ ಸಮುದಾಯದವರಿದ್ದಾರೆ. ಕುವಿ, ಆದಿವಾಸಿ ಒಡಿಯಾದಂಥ ನುಡಿಗಳಿವೆ. ತೆಲುಗಿನಲ್ಲಿ ಅಚ್ಚಾದ ಪ್ರಶ್ನಾವಳಿ ಹಿಡಿದು ಹೋದರೆ ಯಾರು ಉತ್ತರಿಸುತ್ತಾರೆ? ತೆಲುಗು ಬಲ್ಲ ಗಂಡಸರು. ಮಡಕಶಿರದ ಕಡೆಯ ಕನ್ನಡ ಮನೆಮಾತಿನ ಹೆಣ್ಣುಮಕ್ಕಳನ್ನು ನೆನೆದರೆ ಇದು ನಮಗೆ ಚೆನ್ನಾಗಿ ಅರ್ಥವಾಗುತ್ತದೆ. ನೋವನ್ನು ಹೇಳಿಕೊಳ್ಳುವುದು ಮನೆಮಾತಿನಲ್ಲೇ.

ಯಶಸ್ಸು ಯಾರದು?

ಯೋಜನೆ ನಡೆದ ಕಾಲದಲ್ಲೇ ಬೇರೆ ಕೆಲಸಗಳೂ ನಡೆದಿರುತ್ತವೆ. 2019ರ ಅಕ್ಟೋಬರ್ 10ರಂದು, ನಮ್ಮ ಬಳ್ಳಾರಿಗೆ ತಾಗಿದ ಅನಂತಪುರದಲ್ಲಿ ಆಂಧ್ರ ಸರ್ಕಾರ ‘ಕಂಟಿ ವೆಲುಗು’ ಆರಂಭಿಸಿತು. ಮೊದಲು ಶಾಲಾಮಕ್ಕಳ ಕಣ್ಣು ತಪಾಸಣೆ, ಕನ್ನಡಕ. ಆ ವರ್ಷಗಳಲ್ಲಿ ವಿಜಯವಾಡದ ಶಾಲೆಯೊಂದರಲ್ಲಿ ಕನ್ನಡಕ ಹಾಕಿದ ಮಕ್ಕಳು ಹೆಚ್ಚಾದರೆ ಅದು ಸರ್ಕಾರದಿಂದಲೋ, ನಮ್ಮ ದಾನದಿಂದಲೋ?

ಇದನ್ನು ಬೇರ್ಪಡಿಸುವ ರೀತಿಗೆ ಅಸ್ಸಾಮಿನ ಚಹಾ ತೋಟದ ಅಧ್ಯಯನ ಒಳ್ಳೆಯ ಉದಾಹರಣೆ. 40 ದಾಟಿದ 751 ಕಾರ್ಮಿಕರು, ಹೆಚ್ಚಿನವರು ಹೆಂಗಸರು. ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ಮೊದಲೇ ಓದುವ ಕನ್ನಡಕ, ಉಳಿದವರಿಗೆ ಅಧ್ಯಯನ ಮುಗಿದ ಮೇಲೆ. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಕನ್ನಡಕ ಪಡೆದವರು ದಿನಕ್ಕೆ ಕೀಳುವ ಎಲೆ 25 ಕಿಲೋದಿಂದ ಸುಮಾರು 35 ಕಿಲೋಗೆ ಏರಿತು. ಹತ್ತು ಕಿಲೋ ಲಾಭ ಎಂದುಬಿಡಬಹುದಿತ್ತು. ಆದರೆ ಕನ್ನಡಕ ಪಡೆಯದವರದೂ 26ರಿಂದ 30.6ಕ್ಕೆ ಏರಿತ್ತು! ಅದು ಋತುಮಾನದ ಫಲ. ಅದನ್ನು ಕಳೆದ ಮೇಲೆ ಕನ್ನಡಕದ ನಿಜವಾದ ಲಾಭ ಸುಮಾರು ಐದು ಕಿಲೋ, ಅಂದರೆ 21.7 ಪ್ರತಿಶತ. ಅದೇ ಬಹಳ ದೊಡ್ಡದು. ಒಂದು ಅಗ್ಗದ ಕನ್ನಡಕಕ್ಕೆ ಇಷ್ಟು ಕೂಲಿ! ಪ್ರಾಮಾಣಿಕ ಲೆಕ್ಕದಿಂದ ಒಳ್ಳೆಯ ಕೆಲಸ ಚಿಕ್ಕದಾಗುವುದಿಲ್ಲ, ಗಟ್ಟಿಯಾಗುತ್ತದೆ.

ಹೊಲಿಗೆ, ಹೂ ಕಟ್ಟುವುದು, ಅಕ್ಕಿ ಆರಿಸುವುದು, ಸೂಜಿಗೆ ದಾರ ಪೋಣಿಸುವುದು, ಇವೆಲ್ಲ ಹತ್ತಿರದ ದೃಷ್ಟಿಯ ಕೆಲಸ. 40 ದಾಟಿದ ಹೆಣ್ಣಿನ ಸಂಪಾದನೆ, ಸ್ವಾಭಿಮಾನ ಅದರಲ್ಲಿದೆ. ದೂರದ ಅಕ್ಷರ ಮಾತ್ರ ಪರೀಕ್ಷಿಸುವ ಶಿಬಿರ ಇವಳನ್ನು ‘ಕಣ್ಣು ಸರಿಯಿದೆ’ ಎಂದು ವಾಪಸ್ ಕಳಿಸುತ್ತದೆ.

ನಂತರ ಕಂಡಿತೇ?

ಶಸ್ತ್ರಚಿಕಿತ್ಸೆಯಾದವರಲ್ಲಿ ಕನಿಷ್ಠ 80 ಪ್ರತಿಶತ ಜನಕ್ಕೆ 6/18 ಅಥವಾ ಅದಕ್ಕಿಂತ ಒಳ್ಳೆಯ ದೃಷ್ಟಿ ಬರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹಿಂದೆಯೇ ಹೇಳಿತ್ತು. 2021ರ ವಿಶ್ವ ಆರೋಗ್ಯ ಸಭೆ ಇನ್ನೂ ಮುಂದೆ ಹೋಗಿ, 2030ರೊಳಗೆ ‘ಫಲಕಾರಿ’ ಪೊರೆ ಚಿಕಿತ್ಸೆ ತಲುಪಿದವರ ಪ್ರಮಾಣ 30 ಅಂಶದಷ್ಟು ಹೆಚ್ಚಬೇಕು ಎಂದಿತು. ಅಗತ್ಯವಿದ್ದವರಲ್ಲಿ ಎಷ್ಟು ಜನಕ್ಕೆ ಚಿಕಿತ್ಸೆಯಾಗಿ, ನಿಜವಾಗಿ ಚೆನ್ನಾಗಿ ಕಂಡಿತು ಎಂಬುದೇ ಈ ಅಳತೆ. ಬಾರದವರ ಲೆಕ್ಕವೂ ಗುಣಮಟ್ಟದ ಲೆಕ್ಕವೂ ಒಂದರಲ್ಲೇ ಸೇರಿದೆ. ಇದನ್ನು ಗಂಡು, ಹೆಣ್ಣು, ಅಂಗವಿಕಲರು, ಗುಡ್ಡಗಾಡಿನವರು ಎಂದು ಬೇರೆ ಬೇರೆಯಾಗಿ ತೋರಿಸುವ ಯೋಜನೆ ಸಿಕ್ಕರೆ ಕಣ್ಣುಮುಚ್ಚಿ ಕೊಡಬಹುದು!

ನಾವು ಕೇಳಬೇಕಾದದ್ದು

ಮುಂದಿನ ಬಾರಿ ದಾನದ ಅರ್ಜಿ ಬಂದಾಗ ನಮ್ಮ ಸಮಿತಿ ಈ ಆರು ಪ್ರಶ್ನೆ ಕೇಳಲಿ ಎಂದು ನನ್ನ ವಿನಂತಿ.

1. ಆ ಪ್ರದೇಶದಲ್ಲಿ ಚಿಕಿತ್ಸೆ ಬೇಕಾದವರು ಎಷ್ಟು, ಅದರಲ್ಲಿ ಹೆಂಗಸರು ಎಷ್ಟು?

2. ಬಾರದವರ ಮನೆಗೆ ಯಾರಾದರೂ ಹೋಗಿ ಕಾರಣ ಕೇಳಿದ್ದಾರೆಯೇ?

3. ಶಸ್ತ್ರಚಿಕಿತ್ಸೆಯಾದ ಕೆಲವು ವಾರಗಳ ನಂತರ ದೃಷ್ಟಿ ಪರೀಕ್ಷಿಸಿ ಬರೆದಿಟ್ಟಿದ್ದಾರೆಯೇ?

4. ಅಂಗವಿಕಲರು ಒಳಗೆ ಬರಬಲ್ಲರೇ, ಯೋಜನೆ ರೂಪಿಸುವಾಗ ಅವರನ್ನು ಕೇಳಿದ್ದಾರೆಯೇ?

5. ಓದುವ ಕನ್ನಡಕ ಕೊಡುತ್ತಾರೆಯೇ, ಒಡೆದರೆ ಮತ್ತೆ ಹತ್ತಿರದಲ್ಲಿ ಸಿಗುತ್ತದೆಯೇ?

6. ನಮ್ಮ ಹಣ ನಿಂತ ಮೇಲೆ ದೃಷ್ಟಿ ಕೇಂದ್ರದ ಬಾಗಿಲು ತೆರೆದಿರುತ್ತದೆಯೇ?

ಇನ್ನೊಂದು ಮಾತು. ಇಷ್ಟೆಲ್ಲ ಕೇಳುವ ನಾವು, ಕೇಳಿದ್ದಕ್ಕೆ ತಕ್ಕ ಹಣವನ್ನೂ ಕೊಡಬೇಕು. ಮನೆ ಮನೆಗೆ ಹೋಗಲು, ಜೊತೆಗೆ ಬಂದವರ ಕೂಲಿ ತುಂಬಲು, ಸಂಜ್ಞಾಭಾಷೆ ಬಲ್ಲವರನ್ನು ಕರೆಸಲು ಖರ್ಚಿದೆ. ಗುಡ್ಡದ ಮೇಲಿನ ಒಬ್ಬ ಅಜ್ಜಿಯ ಶಸ್ತ್ರಚಿಕಿತ್ಸೆಗೆ ಪೇಟೆಯ ಇಬ್ಬರಿಗಾಗುವಷ್ಟು ಖರ್ಚಾಗಬಹುದು. ‘ತಲೆಗೆ ಎಷ್ಟು ಕಡಿಮೆ ಖರ್ಚು’ ಎಂದು ಮಾತ್ರ ನೋಡಿ ಹಣ ಕೊಟ್ಟರೆ, ಬಸ್ ನಿಲ್ದಾಣದ ಪಕ್ಕದಲ್ಲೇ ಶಿಬಿರ ಮಾಡಿ ಎಂದು ನಾವೇ ಹೇಳಿದ ಹಾಗೆ. ಈ ವರ್ಷದ ವರದಿಯಲ್ಲಿ ಸಂಖ್ಯೆ ಸ್ವಲ್ಪ ಚಿಕ್ಕದಾಗಿ ಬಂದರೂ, ಅದರೊಳಗೆ ಯಾರಿದ್ದಾರೆ ಎಂದು ನೋಡಿ ಚಪ್ಪಾಳೆ ತಟ್ಟೋಣ.

 ಈಗ ನಿಮ್ಮ ಪ್ರಶ್ನೆಗಳು ಬರಲಿ.